ಸೋತ ಪ್ರಯೋಗವನ್ನು ತೆರೆದಿಟ್ಟ ಬಸವಂತಿ

ಕೃಷ್ಣೆಯ ದಂಡೆ, ಬೀಳಗಿ ಸೀಮೆ
ಎರಡು ಸಾವಿರದ ನೂರ ಎಂಬತ್ತಾರನೇ ಇಸವಿ, ಮರುಬೇಸಿಗೆಯ ಅಮಾವಾಸ್ಯೆ

ಈಗಷ್ಟೇ ಸಂಶೋಧನೆಗೆ ಸೇರಿಕೊಂಡಿರುವ, ನಾನೆಂದೂ ಕಾಣದ ತಂಗಿ ತಮ್ಮಂದಿರೇ,

ಈ ತೇದಿ ನಿಮಗೆ ಸುಳ್ಳೆನಿಸಬಹುದು. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಬಹುದು, ಮನ್ನಿಸಬೇಕು. ಮರುಬೇಸಿಗೆ ಎಂದರೆ ನಿಮ್ಮ ಕಾಲದಲ್ಲಿ ಮಳೆಗಾಲವಾಗಿದ್ದ ತಿಂಗಳುಗಳು. ನಾನು ಹೊನ್ನವ್ವ, ಮಕ್ಕಳಿಗೆ ಅಕ್ಷರ ಕಲಿಸುವವಳು, ವಿಜ್ಞಾನಿಯಲ್ಲ. ನನ್ನ ತಂಗಿ ಬಸವಂತಿ ನಿಮ್ಮ ಹಾಗೆ ಹೊಸ ಸಂಶೋಧಕಿಯಾಗಿದ್ದಳು. ಅವಳ ಸಂಗತಿಯನ್ನು ಹೇಳುವವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಮ್ಮ ಬಿಸಿಲಿಗೆ ಭತ್ತವೂ ಗೋಧಿಯೂ ನಿಲ್ಲುವುದಿಲ್ಲ. ಜೋಳವೊಂದೇ ನಿಂತಿತ್ತು. ಹೊಲಕ್ಕೆ ಹೋದವರು ಬಿಸಿಲೇರುವ ಮುಂಚೆ ತಿರುಗಿ ಬಂದು ನೆಲಓಣಿಗೆ ಇಳಿಯುತ್ತಾರೆ. ಅದು ಊರಿನ ಕೆಳಗೆ ಕಲ್ಲು ಕೊರೆದು ಮಾಡಿದ ತಂಪಿನ ಜಾಗ. ಹೆಂಗಸರು ಅಲ್ಲಿಯೇ ಕೌದಿ ಹೊಲಿಯುತ್ತಾರೆ, ಮುದುಕರು ಮಲಗುತ್ತಾರೆ, ನನ್ನ ಶಾಲೆಯೂ ಅಲ್ಲಿಯೇ ನಡೆಯುತ್ತಿತ್ತು. ಜೋಳದ ದಂಟಿನ ಗಂಟುಗಳು ಕಪ್ಪಾಗುವ ರೋಗ ಬಂದ ವರ್ಷ ಬಸವಂತಿಗೆ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕೇಂದ್ರದವರು ಹಸಿರುಮದ್ದು ಎಂಬ ಔಷಧಿ ತಯಾರಿಸಿ ಊರೂರಿಗೆ ಹಂಚತೊಡಗಿದ್ದರು. ಅದು ಎಷ್ಟು ಗುಣ ಕೊಡುತ್ತದೆಂದು ಅಳೆಯುವುದು ಇವಳ ಪಾಲಿಗೆ ಬಂತು.

ಮದ್ದು ಹೊಡೆದ ಪೈರು ನೋಡಲು ಕಣ್ಣಿಗೆ ಹಬ್ಬವಾಗಿತ್ತು. ಆದರೆ ತೆನೆ ಹಿಡಿದಾಗ ಕಾಳು ಕಟ್ಟಲಿಲ್ಲ. ಎಲ್ಲವೂ ಜೊಳ್ಳು.

ನಮ್ಮಲ್ಲಿ ಹಗೇವು ಎಂಬುದೊಂದಿದೆ. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದ ಕಣಜದ ಹೆಸರದು. ಈಗ ಸಂಶೋಧಕರು ತಮ್ಮ ಅಳತೆ, ವಿಧಾನ, ಸೋಲು ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಹಾಕಿಡುವ ಜಾಲತಾಣವನ್ನು ಹಾಗೆ ಕರೆಯುತ್ತೇವೆ. ಅದು ಎಲ್ಲರಿಗೂ ತೆರೆದೇ ಇತ್ತು. ಆದರೆ ಸೋಲನ್ನು ಹಾಕುವವರು ಇರಲಿಲ್ಲ. ಬಸವಂತಿ ತನ್ನ ಫಲಿತಾಂಶವನ್ನು ಅಲ್ಲಿ ಇಡಲೇ ಎಂದು ಕೇಂದ್ರದಲ್ಲಿ ತನ್ನ ಗುರುಗಳಾದ ಅಡಿವೆಪ್ಪ ಸರ್ ಅವರನ್ನು ಕೇಳಿದಳು.

"ಸೋತದ್ದನ್ನ ಯಾರ ಓದ್ತಾರವಾ? ನಿನ್ನ ನೌಕರಿ ಮೊದಲ ಕಾಯಂ ಆಗ್ಲಿ. ಆಮ್ಯಾಲೆ ಏನರ ತೆರಿ," ಎಂದರು ಅವರು. ಕೆಟ್ಟವರಲ್ಲ. ಅವಳನ್ನು ಮಗಳ ಹಾಗೆ ನೋಡಿಕೊಂಡವರು.

ಅವಳು ಕಾದಳು. ಆದರೆ ನಮ್ಮ ಸೋದರಮಾವನೂ ಮದ್ದು ತಂದು ಅಂಗಳದಲ್ಲಿ ಇಳಿಸಿದ ದಿನ ಅವಳಿಂದ ತಡೆಯಲಾಗಲಿಲ್ಲ. ನನ್ನ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಹಗೇವಿಗೆ ಹಾಕಿದಳು. ಪ್ರಯೋಗದ ಒಂದು ಮಡಿಗೆ ಕೈತಪ್ಪಿ ಹೆಚ್ಚು ನೀರು ಬಿಟ್ಟದ್ದನ್ನೂ ಬರೆದಳು.

"ನಿನ್ನ ತಪ್ಪನ್ನೂ ಯಾಕ ಹಾಕ್ತಿ?" ಎಂದು ಕೇಳಿದೆ.

"ಅದನ್ನ ಮುಚ್ಚಿದ್ರ ಉಳಿದದ್ದನ್ನ ಯಾರ ನಂಬಬೇಕಕ್ಕಾ?"

ಆ ವಾರವೇ ಕೇಂದ್ರದವರು ಅವಳನ್ನು ಕೆಲಸದಿಂದ ಬಿಡಿಸಿದರು. ಮದ್ದು ಬೇಡವೆಂದು ಅವಳು ಹೇಳಿದಾಗ ಊರವರು, ಕೆಲಸ ಕಳೆದುಕೊಂಡ ಸಿಟ್ಟಿಗೆ ಹೀಗೆ ಹೇಳುತ್ತಾಳೆ ಎಂದರು. ಮಾವನೂ ಮದ್ದು ಹೊಡೆದ.

ಬಹಳ ದಿನಗಳ ಮೇಲೆ ಹೊಳೆಯಾಚೆಯ ಇನ್ನೊಂದು ಕೇಂದ್ರದಿಂದ ಸಿದ್ಧರಾಯ ಎಂಬ ಹುಡುಗ ಅವಳನ್ನು ಹುಡುಕಿಕೊಂಡು ಬಂದ. ಅವಳ ಬರಹವನ್ನು ಓದಿದವನು ನಮಗೆ ತಿಳಿದಂತೆ ಅವನೊಬ್ಬನೇ. ನೀರು ಕೊಟ್ಟರೂ ಕುಡಿಯದೆ ನಿಂತೇ ಹೇಳಿದ.

"ನಮ್ಮ ಹೊಲದಾಗೂ ಹಿಂಗ ಆಗಿತ್ತರೀ, ಹಿಂದಿನ ಸುಗ್ಗಿಗೆ. ಹೇಳಬ್ಯಾಡಂದ್ರು. ನಾನೂ ಹೊಸಬ ಇದ್ನಿ."

ಬಸವಂತಿ ಅವನನ್ನು ಬೈಯಲಿಲ್ಲ. "ಅವಾಗ ನೀವು ತೆರೆದಿಟ್ಟಿದ್ರ, ಈ ಮದ್ದು ನಮ್ಮೂರಿಗೆ ಬರ್ತಿದ್ದಿಲ್ಲ," ಎಂದಷ್ಟೇ ಹೇಳಿದಳು. 

ಆ ಸುಗ್ಗಿಯಲ್ಲಿ ರಾಶಿಯ ಕಣಗಳು ಬರಿದಾಗಿದ್ದವು. ಬಿತ್ತನೆಗೆಂದು ಬಿಟ್ಟ ಪೈರಿಗೂ ಮದ್ದು ಬಿದ್ದಿತ್ತು. ಹಳೆಯ ಬೀಜವನ್ನು ಹಸಿದವರು ತಿಂದು ಮುಗಿಸಿದರು. ಮಾವ ತೀರಿಕೊಂಡ. ಅವನ ಹೆಂಡತಿ ಮಕ್ಕಳು ಉತ್ತರದ ಕಡೆ ಹೋದವರು ಎಲ್ಲಿದ್ದಾರೋ ತಿಳಿಯದು. ನನ್ನ ಶಾಲೆಗೆ ಈಗ ಯಾರೂ ಬರುವುದಿಲ್ಲ. ಬಸವಂತಿ ಕೆಲವು ಕಾಲ ಒಣದಂಟುಗಳ ನಡುವೆ ತಿರುಗಿ, ನೆಲದ ಬಿಸಿಯನ್ನು ಅಳೆದು ಹಗೇವಿಗೆ ಹಾಕುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ನಿಮಗೂ ಯಾರಾದರೂ ಕಾಯಲು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಬೇಡುವುದಿಷ್ಟೆ: ಕಾಯಬೇಡಿ. ಬಿತ್ತುವ ಮುಂಚೆಯೇ ಏನನ್ನು ಅಳೆಯುತ್ತೀರೆಂದು ಎಲ್ಲರಿಗೂ ಹೇಳಿ. ಸೋತರೆ ಸೋತೆವೆಂದು ಹೇಳಿ. ಒಬ್ಬರೇ ಹೇಳಿದರೆ ಬಸವಂತಿಯ ಗತಿಯಾಗುತ್ತದೆ, ಆದ್ದರಿಂದ ಜೊತೆಗೂಡಿ ಹೇಳಿ.

ಯಾರಿಗೆ ಬರೆಯುತ್ತಿದ್ದೀ ಎಂದು ಅವಳು ಈಗ ಕೇಳಿದಳು. ಹೇಳಿದೆ. ಗೋಡೆಯ ಕಡೆ ಹೊರಳಿ ಮಲಗಿದಳು.

"ಓದ್ತಾರಕ್ಕಾ," ಎಂದಳು. "ಓದಿ ಸುಮ್ನಿರ್ತಾರ."



ನಿಮ್ಮ ಅಕ್ಕ,
ಹೊನ್ನವ್ವ