ಎರಡನೇ ಜಳಕ

ಜೂನ್ 11, 2025

ರೊಟ್ಟಿ ಬಡಿದೆ. ಮಗಳು ಸೃಷ್ಟಿಗೆ ಡಬ್ಬಿ ಕಟ್ಟಿದೆ. ಶಾಲೆಗೆ ಓಡಿದೆ. ಏಳನೇ ಕ್ಲಾಸಿಗೆ ಭಿನ್ನರಾಶಿ, ಅರ್ಧ ಹುಡುಗರಿಗೆ ನಿದ್ದೆ. ಮೂರು ಗಂಟೆಗೆ ಪರ್ಮಿಷನ್ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋದೆ. ಗಂಡನ ಜೊತೆ. ಇದು ಎರಡನೇ ಸಲ.

ಡಾಕ್ಟರ್ ಪದ್ಮಜಾ ಒಳ್ಳೆಯವರು. ಮಾತು ಮೆತ್ತಗೆ.

"ಇದೊಂದು ಅಡಿಕ್ಷನ್ ಅದರೀ. ಕುಡಿತಕ್ಕ ಬೀಳ್ತಾರಲ್ಲ, ಹಂಗ ಇವರು ಹೆಣ್ಣಿನ ಸಂಗಕ್ಕ ಬಿದ್ದಾರ. ರೋಗ ಅಂತ ತಿಳ್ಕೋರಿ. ಆದ್ರ ರೋಗ ಅಂದ್ರ ಮಾಫಿ ಅಂತ ಅಲ್ಲ ಮತ್ತ."

ಕೊನೆಯ ಮಾತಿಗಾಗಿ ಅವರಿಗೊಂದು ನಮಸ್ಕಾರ. ಉಳಿದದ್ದು ನನಗೆ ಹಿಡಿಸಲಿಲ್ಲ. ಫೆಬ್ರವರಿಯಲ್ಲಿ ಅವನ ಫೋನಿನಲ್ಲಿ ಕಂಡದ್ದು ಒಬ್ಬಳಲ್ಲ. ಒಬ್ಬಳಾಗಿದ್ದರೆ ಪ್ರೀತಿ ಅಂತಾದರೂ ಅಂದುಕೊಂಡು ಅತ್ತು ಮುಗಿಸುತ್ತಿದ್ದೆ. ಹೆಸರಿಲ್ಲದ ನಂಬರುಗಳು, ಲಾಡ್ಜಿನ ಬುಕಿಂಗುಗಳು, ಹಾಡುಹಗಲು... ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಹರಾಜು ಜೋರಿದ್ದ ದಿನ ಈ ರೋಗ ಬರುವುದಿಲ್ಲ. ವ್ಯಾಪಾರ ಸಪ್ಪಗಾದಾಗ ಮಾತ್ರ ಜ್ವರ ಏರುತ್ತದೆ. ಎಷ್ಟು ತಿಳಿವಳಿಕೆಯ ರೋಗ!

ನೆಹರು ಗಂಜಿನ ಬೇಳೆ ವ್ಯಾಪಾರಿ ಸುನೀಲಕುಮಾರ ತಲೆ ತಗ್ಗಿಸಿ ಕೂತಿದ್ದ. ಬಾಯಲ್ಲಿ ಅವನಿಗೆ ರೀ ಅನ್ನುತ್ತೇನೆ. ಇಲ್ಲಿ ಅನ್ನುವುದಿಲ್ಲ.

ಜೂನ್ 15

ಡಾಕ್ಟರ್ ಕೊಟ್ಟ ಹೋಂವರ್ಕ್ — ಇಬ್ಬರೂ ಕೂತು ಒಂದು ಇಂಗ್ಲಿಷ್ ಸಿನಿಮಾ ನೋಡಬೇಕು. ಅದರಲ್ಲೂ ಇಂಥದೇ ಗಂಡ, ಇಂಥದೇ ಹೆಂಡತಿ. ಸೃಷ್ಟಿಯನ್ನು ಅತ್ತೆಯ ಜೊತೆ ಗುಡಿಗೆ ಕಳಿಸಿ, ಲ್ಯಾಪ್‌ಟಾಪ್ ಹಚ್ಚಿ ಕೂತೆವು.

ಅವನು ಅತ್ತ. ನಿಜವಾಗಿಯೇ ಅತ್ತ, ಮೂಗು ಸೋರುವಷ್ಟು. ನನಗೆ ಅಳು ಬರಲಿಲ್ಲ. ಸಿನಿಮಾದ ಹೆಂಡತಿ ಕೊನೆಗೆ ಸಮುದ್ರದ ದಂಡೆಯಲ್ಲಿ ನಿಂತು ಕ್ಷಮಿಸಿಬಿಟ್ಟಳು. ಗಾಳಿ, ಅಲೆ, ಮ್ಯೂಸಿಕ್. ಕಲಬುರಗಿಯಲ್ಲಿ ಸಮುದ್ರ ಇಲ್ಲ. ಊರೊಳಗೆ ಅಪ್ಪನ ಕೆರೆ ಅಂತ ಒಂದಿದೆ, ದಂಡೆಯಲ್ಲಿ ಪಾನಿಪುರಿ ಗಾಡಿಗಳಿವೆ. ಅಲ್ಲದೆ ಆಕೆಗೆ ಅತ್ತೆ ಇರಲಿಲ್ಲ. ಅತ್ತೆ ಇಲ್ಲದ ಮನೆಯಲ್ಲಿ ಯಾರು ಬೇಕಾದರೂ ಕ್ಷಮಿಸಬಹುದು.

"ನನ್ನ ಕೈಯಾಗ ಇಲ್ಲ ನಾಗೂ," ಅಂದ. "ಬ್ಯಾಡ ಬ್ಯಾಡ ಅಂತನೇ ಹೋಗ್ತೀನಿ."

"ಕಾಲು ನಿಮ್ಮವೇ ಅಲ್ರೀ?" ಅಂದೆ.

ಜೂನ್ 24

ಇವತ್ತು ಹಾಫ್ ಡೇ. ಮಧ್ಯಾಹ್ನವೇ ಮನೆಗೆ ಬಂದೆ. ದೇವರ ಜಗಲಿಯ ಮೇಲೆ ಅವನ ಬೆಳ್ಳಿ ಕರಡಿಗೆ ಇತ್ತು. ಶಿವದಾರ ನೀಟಾಗಿ ಸುತ್ತಿಟ್ಟಿದ್ದ.

ನಮ್ಮಲ್ಲಿ ಇಷ್ಟಲಿಂಗ ಮೈಮೇಲಿಂದ ಇಳಿಯುವಂತಿಲ್ಲ. ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿದರೆ ಉಸಿರಿರುವ ತನಕ ಅಲ್ಲೇ. ಈತ ಕಳಚಿಟ್ಟು ಎಲ್ಲಿಗೆ ಹೋದ?

ಬಂದವನೇ ನನ್ನನ್ನು ನೋಡಿ ಬೆಚ್ಚಿದ. ಸೀದಾ ಬಚ್ಚಲಿಗೆ ಹೋದ. ಜಳಕ, ವಿಭೂತಿ. ಕರಡಿಗೆ ಮತ್ತೆ ಕೊರಳಿಗೆ ಬಂತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಪೂಜೆ. ಆಮೇಲೆ ಊಟ. ಪೂಜೆ ಆಗದೆ ಈ ಮನೆಯಲ್ಲಿ ತುತ್ತು ಎತ್ತುವಂತಿಲ್ಲ, ಅತ್ತೆಯ ಕಟ್ಟು. ಅತ್ತೆ ಲಲಿತಾಬಾಯಿ ಬಿಸಿ ರೊಟ್ಟಿ ಹಾಕುತ್ತ ಪಕ್ಕದ ಮನೆಯವಳಿಗೆ ಕೇಳುವ ಹಾಗೆ ಹೇಳಿದರು:

"ನನ್ನ ಮಗ ಒಂದೊಂದ್ ದಿನ ಎರಡೆರಡ ಸಲ ಜಳಕಾ, ಎರಡೆರಡ ಸಲ ಪೂಜಾ. ಈಗಿನ ಹುಡುಗರಾಗ ಯಾರ್ ಮಾಡ್ತಾರವ್ವಾ?"

ಈ ಮಾತು ಮದುವೆಯಾದಾಗಿನಿಂದ ಕೇಳಿದ್ದೇನೆ. ಕೇಳಿ ಹೆಮ್ಮೆಯನ್ನೂ ಪಟ್ಟಿದ್ದೇನೆ, ಹುಚ್ಚಿ.

ಜುಲೈ 3

ಸ್ಟಾಫ್ ರೂಮಿನಲ್ಲಿ ಇಕ್ಬಾಲ್ ಬೇಗಂ ಚಹಾದ ಕಪ್ ಹಿಡಿದು ಪಕ್ಕಕ್ಕೆ ಬಂದು ಕೂತರು. ನಮ್ಮ ಉರ್ದು ಟೀಚರ್, ಮನೆ ರೋಜಾ ಬಡಾವಣೆಯಲ್ಲಿ. ಬಹಳ ಹೊತ್ತು ಚಹಾ ಊದಿದರು.

"ಬುರಾ ಮತ್ ಮಾನೋ, ತಪ್ಪು ತಿಳೀಬ್ಯಾಡ ನಾಗರತ್ನಾ. ನಿನ್ನಿ ನಮ್ಮ ಗಲ್ಲಿ ಬಾಜೂಕಿನ ಲಾಡ್ಜಿನಾಗಿಂದ ನಿಮ್ಮವರು ಇಳದು ಬರೋದು ನೋಡಿನಿ. ಜೋಡಿ ಒಬ್ಬಾಕಿ ಇದ್ಲು."

ನಾನು ಕೇಳಿದ್ದು ಒಂದೇ. "ಕೊರಳಾಗ ಲಿಂಗ ಇತ್ತೇನ್ರಿ?"

ತಲೆ ಕೆಟ್ಟಿದೆಯೇನೋ ಅನ್ನುವ ಹಾಗೆ ನೋಡಿದರು. "ಅಂಗಿ ಗುಂಡಿ ಬಿಚ್ಚಿತ್ತು. ಕೊರಳು ಖಾಲಿ ಇತ್ತವಾ."

ನಿನ್ನೆ ಸಂಜೆ ನಾನು ಮನೆಗೆ ಬಂದಾಗ ಕರಡಿಗೆ ಜಗಲಿಯ ಮೇಲಿತ್ತು. ಈಗ ಲೆಕ್ಕ ಕೂಡಿತು. ದೇವರನ್ನು ಮನೆಯಲ್ಲಿ ಬಿಡುವುದು, ಹೋಗುವುದು, ಬರುವುದು, ಜಳಕ ಮಾಡಿ ದೇವರನ್ನು ಎತ್ತಿಕೊಳ್ಳುವುದು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂತಾರೆ. ಇವನದು ಮನೆಯೊಳಗೇ.

ದೇವರಿಗೆ ಮೈಲಿಗೆ ತಾಗದ ಹಾಗೆ ನೋಡಿಕೊಂಡ. ನನಗೆ? ಅದೇ ಮೈ ತಂದು ನನ್ನ ಮಗ್ಗುಲಲ್ಲಿ ಮಲಗಿಸಿದ. ನಾಳೆ ಬ್ಲಡ್ ಟೆಸ್ಟ್ ಮಾಡಿಸಬೇಕು. ಒಬ್ಬಳೇ ಹೋಗುತ್ತೇನೆ.

ಜುಲೈ 5

ರಿಪೋರ್ಟ್ ನಾರ್ಮಲ್.

ಲ್ಯಾಬಿನ ಹುಡುಗಿ ಚೀಟಿ ಓದಿ, "ನಿಮ್ಮದು ಮದಿವಿ ಆಗ್ಯಾದಲ್ರೀ ಮೇಡಂ, ಮತ್ಯಾಕ್ರೀ ಈ ಟೆಸ್ಟು?" ಅಂದಳು.

ಮದುವೆಯಾದದ್ದಕ್ಕೇ ತಾಯಿ.

ಆಗಸ್ಟ್ 1, ಕಮಲಾಪುರ

ತಮ್ಮ ಅರುಣಕುಮಾರ ಪಂಚಮಿಗೆ ಕರೆಯಲು ಬಂದ. ಸೃಷ್ಟಿಯನ್ನು ಕರೆದುಕೊಂಡು ಬಂದುಬಿಟ್ಟೆ. ಹಬ್ಬ ಮುಗಿಯಿತು. ಜೋಕಾಲಿ ಬಿಚ್ಚಿದರು. ನಾನು ಬ್ಯಾಗ್ ಕಟ್ಟಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ಶೇಂಗಾ ಉಂಡೆ ಕಟ್ಟುತ್ತಿದ್ದವಳ ಕೈ ನಿಂತಿತು. "ಹೊರಗ ಎಲ್ಲೂ ಹೇಳಬ್ಯಾಡ ಯವ್ವಾ," ಅಂದಳು. ಮಗಳ ಮನೆ ಸುಟ್ಟರೂ ಹೊಗೆ ಮಾತ್ರ ಬೇರೆಯವರಿಗೆ ಕಾಣಬಾರದು.

ಅಪ್ಪ ಕೇಳಿ ಎದ್ದ. ಕೆಂಪು ಬಾಳೆಯ ತೋಟಕ್ಕೆ ಹೋದವನು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಆಗಸ್ಟ್ 10, ಕಮಲಾಪುರ

ಹಿರಿಯರು ಕೂತರು. ಅಪ್ಪ ಜಗದೇವಪ್ಪ, ಅವ್ವನ ಅಣ್ಣ ಮಾಣಿಕಪ್ಪ ಮಾಮಾ. ಆ ಕಡೆಯಿಂದ ಅವನು, ಅವನ ತಾಯಿ. ಮಾಮಾನ ಮಾತನ್ನು ಎರಡೂ ಕಡೆಯವರು ಮೀರುವುದಿಲ್ಲ, ಈ ಸಂಬಂಧ ಕುದುರಿಸಿದ್ದೇ ಅವನು.

ನಾನು ಬಾಯಿ ಬಿಟ್ಟೆ. ಫೋನು, ಲಾಡ್ಜು, ಡಾಕ್ಟರು. ಕೊನೆಗೆ ಕರಡಿಗೆಯ ಮಾತನ್ನೂ ಹೇಳಿಬಿಟ್ಟೆ. "ಹೊಂಟಾಗೊಮ್ಮಿ ಲಿಂಗ ಜಗಲಿ ಮ್ಯಾಲ ಇಟ್ಟು ಹೋಗ್ತಾರ ಮಾಮಾ. ಬೇಕಾದ್ರ ಅತ್ತಿನ್ನ ಕೇಳ್ರಿ. ದಿನಾ ಮನ್ಯಾಗ ಇರ್ತಾರ."

ಅತ್ತೆ ಸೆರಗು ಸರಿ ಮಾಡಿಕೊಂಡರು. "ನನ್ನ ಮಗ ಲಿಂಗ ಇಳಿಸಿದ್ದು ನಾ ಒಂದ್ ದಿನಾನೂ ನೋಡಿಲ್ಲಪ್ಪ. ಶಿವನಾಣಿ. ಸಾಲಿ ಕಲ್ತ ಹೆಣಮಕ್ಕಳಿಗಿ ಅನುಮಾನ ಜಾಸ್ತಿ."

ಅವನು ಎಲ್ಲರ ಮುಂದೆ ಲಿಂಗ ಅಂಗೈಯಲ್ಲಿ ಹಿಡಿದು, ಇನ್ನು ಹೋಗುವುದಿಲ್ಲ ಅಂತ ಆಣೆ ಮಾಡಿದ. ಮಾಮಾ ಷರತ್ತು ಹಾಕಿದ:

"ಇನ್ನ ಮ್ಯಾಗ ಕೊರಳಾಗಿನ ಲಿಂಗ ಇಳೀಬಾರದು ನೋಡಪಾ. ಇಳೀತು ಅಂದ್ರ ಹೋದಿ ಅಂತನೇ ತಿಳೀತೇವಿ."

"ಇಳಿಸಿದ್ರ ಏನ್ ಮಾಡ್ತಿ ಮಾಮಾ?" ಅಂದೆ.

"ನಾನೇ ಬಂದು ನಿನಗ, ಕೂಸಿಗಿ ಕರಕೊಂಡು ಬರ್ತೇನಿ. ಯಾರೂ ಒಂದ್ ಮಾತ್ ಆಡಂಗಿಲ್ಲ. ಆದ್ರ ಈಗ ನೀ ಹೋಗಲಿಲ್ಲಂದ್ರ ತಪ್ಪು ನಿಂದಾಗ್ತದ. ಅವರು ಕೂಸಿನ್ನ ಬಿಡಂಗಿಲ್ಲ. ನಮಗೂ ಕೇಳಾಕ ಬಾಯಿ ಇರಂಗಿಲ್ಲ."

ಅತ್ತೆ ಆಗಲೇ ಸೃಷ್ಟಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಜಡೆ ಹೆಣೆಯುತ್ತಿದ್ದರು.

ಆಗಸ್ಟ್ 12

ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ, ನಮ್ಮ ತೋಟದ ಕೆಂಪು ಬಾಳೆಹಣ್ಣು. ಭಾರ ಇತ್ತು. ಹೊತ್ತುಕೊಂಡು ಕಲಬುರಗಿಗೆ ಬಂದೆ. ಅವನು ಕಾರಿನಲ್ಲಿ ಹಾಡು ಹಚ್ಚಿದ. ನಾನು ಬಂದ್ ಮಾಡಿದೆ.

ಆಗಸ್ಟ್ 30

ಕರಡಿಗೆ ಕೊರಳಲ್ಲೇ ಇದೆ. ಮುಂಜಾನೆ ಇದೆ, ಮಧ್ಯಾಹ್ನ ಇದೆ, ಗಂಜಿಗೆ ಹೋಗುವಾಗ ಅಂಗಿಯ ಮೇಲೇ ಎದ್ದು ಕಾಣುತ್ತದೆ. ಡಾಕ್ಟರ್ ಪದ್ಮಜಾ ಕೂಡ "ಫರಕ್ ಕಾಣಾಕತ್ತದ" ಅಂದರು. ನಿನ್ನೆ ಸೃಷ್ಟಿಗೆ ಸೈಕಲ್ ಕಲಿಸಲು ಹೋಗಿ ತಾನೇ ಗಟಾರಿಗೆ ಬಿದ್ದ. ನಕ್ಕುಬಿಟ್ಟೆ. ನಕ್ಕ ಮೇಲೆ ನನ್ನ ಮೇಲೇ ಸಿಟ್ಟು ಬಂತು.

ನನಗೆ ಆಸೆ ಹುಟ್ಟಿದೆ. ಬರೆಯಲು ನಾಚಿಕೆ, ಆದರೆ ಹುಟ್ಟಿದೆ. ಸಮುದ್ರ ಇಲ್ಲದಿದ್ದರೂ ಆಗಬಹುದೇನೋ ಅನ್ನಿಸುತ್ತಿದೆ.

ಸೆಪ್ಟೆಂಬರ್ 13

ಮಧ್ಯಾಹ್ನ ಬಂದು ಜಳಕ ಮಾಡಿದ. ಸೆಖೆ ಅಂದ. ಸೆಖೆ ಇತ್ತು, ನಿಜ. ಕರಡಿಗೆ ಕೊರಳಲ್ಲಿತ್ತು, ಅದೂ ನಿಜ. ಸುಮ್ಮನಿರು ನಾಗರತ್ನಾ.

ಸೆಪ್ಟೆಂಬರ್ 20, ಶನಿವಾರ, 11.30

ದಸರಾ ರಜೆ ಶುರುವಾಯಿತು. ಮನೆ ಸ್ವಚ್ಛ ಮಾಡುವ ದಿನ. ಅವನು ಹತ್ತಕ್ಕೇ ಹೋದ, ಕೊರಳಲ್ಲಿ ಕರಡಿಗೆ ಹೊಳೆಯುತ್ತಿತ್ತು. ಅತ್ತೆ ಹೊರಗೆ ಬೇಳೆ ಆರಿಸುತ್ತಿದ್ದರು. ಜಗಲಿ ಒರೆಸಲು ವಿಭೂತಿ ಗಟ್ಟಿ ಸರಿಸಿದೆ. ಹಿಂದೆ ಬಿಳಿ ಅರಿವೆಯ ಸಣ್ಣ ಗಂಟು. ಬಿಚ್ಚಿದೆ.

ಲಿಂಗ.

ನನ್ನದು ನನ್ನ ಕೊರಳಲ್ಲಿದೆ. ಅತ್ತೆಯದು ಅತ್ತೆಯ ಕೊರಳಲ್ಲಿದೆ. ಇದು ಅವನದು. ಖಾಲಿ ಕರಡಿಗೆ ಕಟ್ಟಿಕೊಂಡು ಹೋಗಿದ್ದಾನೆ!

ಕರಡಿಗೆ ಮಾಮಾನಿಗೆ ತೋರಿಸಲು, ನನಗೆ ತೋರಿಸಲು. ಲಿಂಗ ಮಾತ್ರ ಮನೆಯಲ್ಲೇ, ಯಾಕೆಂದರೆ ದೇವರ ಅಂಜಿಕೆ ಇನ್ನೂ ಇದೆ. ನಾನೇ ಅವತ್ತು ಕಮಲಾಪುರದಲ್ಲಿ ಬಾಯಿ ಬಿಟ್ಟು, ಎಲ್ಲಿ ಸಿಕ್ಕಿಬಿದ್ದ ಅಂತ ಅವನಿಗೆ ಹೇಳಿಕೊಟ್ಟೆ. ಕಳ್ಳನಿಗೆ ಪಾಠ ಹೇಳಿದ ಮೇಷ್ಟ್ರು ನಾನು. ಪಾಸಾದ.

ಇನ್ನೊಬ್ಬರ ಲಿಂಗ ಮುಟ್ಟಬಾರದು. ಗೊತ್ತು. ಮುಟ್ಟಬಾರದ್ದು ಇನ್ನೂ ಬಹಳ ಇದೆ, ಅವನಿಗೂ ಗೊತ್ತು. ಕೈ ತೊಳೆದು, ಅರಿವೆ ಸಮೇತ ಎತ್ತಿಕೊಂಡೆ. ಜಗಲಿ ಮೊದಲಿನ ಹಾಗೇ ಮಾಡಿದೆ. ಕೋಣೆಯ ಬಾಗಿಲು ಹಾಕಿ ಮಾಮಾನಿಗೆ ಫೋನ್ ಮಾಡಿದೆ.

"ಖರೇನೇನ?" ಅಂದ.

"ನನ್ನ ಕೈಯಾಗ ಅದ ಮಾಮಾ."

"ಕೂಸಿನ ಅರಿವಿ ಕಟ್ಟಿಡು. ನಿಮ್ಮ ಅಪ್ಪಗ ಕರಕೊಂಡು ಹೊಂಟೇನಿ."

12.50

ಬ್ಯಾಗ್ ಕಟ್ಟಿದೆ. ಸೃಷ್ಟಿಯ ಯೂನಿಫಾರ್ಮ್, ಪುಸ್ತಕ, ನನ್ನ ಸರ್ಟಿಫಿಕೇಟ್. "ಅಜ್ಜನ ತೋಟಕ್ಕೇನಮ್ಮಾ?" ಅಂದಳು. ಹೂಂ ಅಂದೆ. ಕುಣಿದಳು.

ಒಂದೇ ಒಂದು ಅನುಮಾನ. ಅತ್ತೆ ಅಡ್ಡ ನಿಲ್ಲುತ್ತಾರೆ. "ನನಗೇನೂ ಗೊತ್ತಿಲ್ಲ, ಇದನ್ನ ಇವಳೇ ಕದ್ದಾಳ" ಅಂದುಬಿಟ್ಟರೆ? ಆಣೆ ಮಾಡಿ ಹೇಳಿದವರು. ಅಪ್ಪ ಮೆತ್ತಗಿನವನು, ಹಿರಿಯ ಹೆಂಗಸಿನ ಮಾತಿಗೆ ಬಾಗುತ್ತಾನೆ.

1.35

ಅವನು ಬಂದ. ಸ್ಕೂಟರ್ ನಿಂತಿತು. ಸೀದಾ ಬಚ್ಚಲು. ನೀರಿನ ಸಪ್ಪಳ. ಅತ್ತೆ ತಟ್ಟೆ ಇಡುತ್ತಿದ್ದಾರೆ.

ಬಾಗಿಲ ಸಂದಿಯಿಂದ ನೋಡುತ್ತ ಬರೆಯುತ್ತಿದ್ದೇನೆ. ಜಳಕ ಮುಗಿಸಿ ಜಗಲಿಯ ಮುಂದೆ ನಿಂತಿದ್ದಾನೆ. ಗಟ್ಟಿ ಸರಿಸಿದ. ಹಿಂದೆ ಕೈ ಹಾಕಿದ. ಮತ್ತೆ ಹಾಕಿದ. ಆರತಿ ತಟ್ಟೆ ಎತ್ತಿ ನೋಡುತ್ತಿದ್ದಾನೆ.

ಅತ್ತೆ ಅಡುಗೆಮನೆಯಿಂದ, ತಿರುಗಿಯೂ ನೋಡದೆ:

"ಗಟ್ಟಿ ಹಿಂದ ಬಲಕ್ಕ ನೋಡೋ ಸುನೀಲಾ. ಮುಂಜಾನಿ ನೀ ಅಲ್ಲೇ ಇಟ್ಟಿದ್ದಿಯಲ್ಲ."

ಇವರಿಗೆ ಗೊತ್ತಿತ್ತು. ಇವತ್ತಷ್ಟೇ ಅಲ್ಲ. ಆ ಎರಡೆರಡು ಜಳಕದ ಹೊಗಳಿಕೆ, ಕಮಲಾಪುರದ ಶಿವನಾಣೆ, ನನ್ನ ಮಗಳ ಜಡೆ ಹೆಣೆದ ಕೈ... ಮೊದಲಿನಿಂದಲೂ ಗೊತ್ತಿತ್ತು. ರೊಟ್ಟಿ ಬಿಸಿ ಇಟ್ಟುಕೊಂಡು ಕಾಯುತ್ತಿದ್ದರು.

ಅವನಿಗಿಂತ ಇವರ ಮೇಲೆ ನನಗೆ ಹೆಚ್ಚು ಹೇಸಿಗೆ ಬರುತ್ತಿದೆ.

ಹೊರಗೆ ಜೀಪ್ ನಿಂತಿತು. ಮಾಮಾನ ಕೆಮ್ಮು. ಅಪ್ಪ "ಸೃಷ್ಟೀ" ಅಂತ ಕೂಗುತ್ತಿದ್ದಾನೆ. ಅವಳು ಓಡಿದಳು.

ನನ್ನ ಬಾಗಿಲು ಬಡಿಯುತ್ತಿದ್ದಾರೆ. ಅವನಲ್ಲ, ಅತ್ತೆ. ಸಣ್ಣ ದನಿ.

"ನಾಗರತ್ನಾ... ನಿನ್ನ ಹತ್ರ ಅದ ಏನ? ಕೊಡವ್ವಾ. ಮಂದಿ ಒಳಗ ಬರೋದ್ರಾಗ ಕೊಡು. ಅಂವಾ ಇನ್ನಾ ಉಂಡಿಲ್ಲ."

ಕೊಡುತ್ತೇನೆ ಅತ್ತಿ. ಮಾಮಾ ಒಳಗೆ ಬರಲಿ, ಅಪ್ಪ ಬರಲಿ. ಎಲ್ಲರ ಮುಂದೆ ಆ ಖಾಲಿ ಕರಡಿಗೆ ಬಿಚ್ಚಿಸಿ, ನಿಮ್ಮ ಕೈಯಿಂದಲೇ ಲಿಂಗವನ್ನು ಅದರೊಳಗೆ ಇಡಿಸುತ್ತೇನೆ.