ಒಣಹೊಳೆಯ ನಡುವಿನ ಪರದೆ

ಹಂಚಿನಹಾಳ, ಈಚೆ ದಂಡೆ
ಹೊಳೆ ನಿಂತ ನೂರಾ ಆರನೆಯ ವರ್ಷ, ಹದಿಮೂರನೆಯ ತಿಂಗಳು, ತಾರೀಕು ಮೂವತ್ತೊಂಬತ್ತು

ನಮಗಿಂತ ಮುಂಚೆ ಬದುಕಿ ಹೋದ ಹಿರಿಯರಿಗೆ ನಿಂಬೆವ್ವನ ನಮಸ್ಕಾರಗಳು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಮುಗಿಯುವ ಲಕ್ಷಣ ಕಾಣದಿದ್ದಾಗ ನಮ್ಮ ಹಿರಿಯರು ಅದಕ್ಕೆ ಒಂದು ತಿಂಗಳು ಹೆಚ್ಚಿಗೆ ಕೊಟ್ಟರು, ಅದೂ ಸಾಲದೆ ದಿನಗಳನ್ನೂ ಕೊಟ್ಟರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಪತ್ರದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವ ವಾಡಿಕೆ ನಿಮ್ಮಲ್ಲಿತ್ತಂತೆ. ಅದನ್ನು ಮಾತ್ರ ಬರೆಯಲಾರೆ. ನನ್ನ ಮಗ ಗುರುಪಾದ ಹೋದ ವರ್ಷ ಸತ್ತ. ಅವನ ಸಾವಿನಲ್ಲಿ ಒಂದು ಸಿನಿಮಾದ ಪಾಲಿದೆ, ಅದೂ ಒಳ್ಳೆಯ ಸಿನಿಮಾ. ಯುದ್ಧವನ್ನು ಎರಡೂ ಕಡೆಯಿಂದ ತೋರಿಸುವ ಚಿತ್ರ ತೆಗೆಯುವುದನ್ನು ನಾವು ಕಲಿತದ್ದು ನಿಮ್ಮಿಂದ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮದು ಎರಡು ಊರು, ನಡುವೆ ಒಣಗಿದ ಹೊಳೆ. ಈಚೆ ದಂಡೆಗೆ ಹಂಚಿನಹಾಳ, ಆಚೆ ದಂಡೆಗೆ ಕಲ್ಲೊಡ್ಡು. ಕಲ್ಲೊಡ್ಡಿನವರ ಹತ್ತಿರ ಒಂದು ಕೆರೆ ಉಳಿದಿದೆ, ಅದರ ಸುತ್ತ ಎತ್ತರದ ಗೋಡೆ. ನಮ್ಮ ಹತ್ತಿರ ಗಾಳಿನೀರು ಇದೆ, ಎಂದರೆ ಬೆಳಗಿನ ಜಾವ ಬಲೆ ಕಟ್ಟಿ ಗಾಳಿಯ ತೇವವನ್ನು ಹಿಂಡಿಕೊಳ್ಳುವ ನೀರು. ಬಾಯಿ ತೊಳೆದರೆ ಕುಡಿಯಲು ಇಲ್ಲ, ಕುಡಿದರೆ ಬಾಯಿ ತೊಳೆಯಲು ಇಲ್ಲ. ಬೆಳಗು ಕಳೆದದ್ದೇ ಸುಡುಹೊತ್ತು ಶುರು. ಆಗ ಹೊರಗೆ ನಿಂತವನ ಚರ್ಮ ಸುಲಿಯುತ್ತದೆ, ನಾಯಿ ಕೂಡ ಬೀದಿಗೆ ಬರುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಆ ಕೆರೆಗಾಗಿ ದೊಡ್ಡ ಕಾಳಗವಾಯಿತು. ಎರಡೂ ಊರಿನಲ್ಲಿ ಹೂಳಲು ಜನ ಸಾಲದೆ ಹೋದ ಮೇಲೆ ರಾಜಿಯಾಯಿತು, ರಾಜಿಯ ಗುರುತಿಗೆ ಸಿನಿಮಾ ತೆಗೆದರು.

ಇಂಥ ಸಿನಿಮಾಕ್ಕೆ ನಾವು ಇಬ್ಬದಿ ಎನ್ನುತ್ತೇವೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ: ಅವರ ಸತ್ತವರ ಪಾತ್ರವನ್ನು ನಮ್ಮವರು ಮಾಡಬೇಕು, ನಮ್ಮವರ ಪಾತ್ರವನ್ನು ಅವರು ಮಾಡಬೇಕು. ಸತ್ತವರ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಪರದೆಯನ್ನು ಹೊಳೆಯ ನಟ್ಟ ನಡುವೆ ಕಟ್ಟುತ್ತಾರೆ. ಒಬ್ಬರ ದಂಡೆಗೆ ಇನ್ನೊಬ್ಬರು ಕಾಲಿಡದೆ ಎರಡೂ ಊರು ಒಂದೇ ಬಟ್ಟೆಯನ್ನು ಎರಡು ಮಗ್ಗುಲಿನಿಂದ ನೋಡುತ್ತವೆ. ಪ್ರೊಜೆಕ್ಟರ್ ಇರುವ ದಂಡೆಗೆ ಚಿತ್ರ ನೆಟ್ಟಗೆ ಕಾಣುತ್ತದೆ, ಎದುರು ದಂಡೆಗೆ ಎಡ ಬಲವಾಗಿ, ಬಲ ಎಡವಾಗಿ. ಅದಕ್ಕೇ ಪ್ರೊಜೆಕ್ಟರು ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಮಾತಾಗಿತ್ತು. ಪರದೆ ಕಟ್ಟುವ ಕೆಲಸ ನನ್ನದು. ಹುಟ್ಟಿದ್ದು ಕಲ್ಲೊಡ್ಡಿನಲ್ಲಿ, ಕೊಟ್ಟದ್ದು ಹಂಚಿನಹಾಳಕ್ಕೆ. ಎರಡೂ ಕಡೆಯವರು ಬೈಯಲು ಅನುಕೂಲವೆಂದು ನನ್ನನ್ನು ಆರಿಸಿದರೋ ಏನೋ.

ಆ ಚಿತ್ರದಲ್ಲಿ ಎಲ್ಲರೂ ಅಳುವ ಒಂದು ಜಾಗವಿದೆ. ಕಲ್ಲೊಡ್ಡಿನ ಹೆಂಗಸೊಬ್ಬಳು ಗೋಡೆಯ ಬುಡದ ಹಾಳು ಮೋರಿಯಲ್ಲಿ ತೆವಳಿಕೊಂಡು ಹೊರಗೆ ಬಂದು, ಬಿಸಿಲಲ್ಲಿ ಬಿದ್ದ ನಮ್ಮ ಗಾಯಾಳುವಿಗೆ ನೀರು ಕುಡಿಸುತ್ತಾಳೆ. ಆಕೆ ನನ್ನ ಅಜ್ಜಿ. ಗೋಡೆಯಲ್ಲಿ ಮೋರಿ ಎರಡಿವೆ. ನಮ್ಮ ದಂಡೆಯಿಂದ ಗೋಡೆಗೆ ಮುಖ ಮಾಡಿ ನಿಂತರೆ ಎಡಗಡೆಯದು ಹಾಳು ಮೋರಿ, ಅಜ್ಜಿ ಬಂದದ್ದು ಅದರಲ್ಲಿ. ಬಲಗಡೆಯದು ತೂಬಿನ ಮೋರಿ, ಚಕ್ರ ತಿರುಗಿಸಿದರೆ ಕೆರೆಯೇ ಅದರೊಳಗೆ ನುಗ್ಗುತ್ತದೆ.

ಗುರುಪಾದ ಇನ್ನೂ ಚಿಕ್ಕವನಿದ್ದಾಗ ಎರಡೂ ಊರಿನ ಕಮಿಟಿಗಳು ಜಗಳವಾಡಿಕೊಂಡವು. ಅಂದಿನಿಂದ ಪ್ರೊಜೆಕ್ಟರು ಆಚೆ ದಂಡೆಯಲ್ಲೇ ಉಳಿಯಿತು. ನಮ್ಮ ಪಾಲಿಗೆ ವರ್ಷವರ್ಷವೂ ಉಲ್ಟಾ ಬದಿ. ಅದನ್ನು ಒಪ್ಪಿಕೊಂಡರೆ ಸೋತಂತೆ ಎಂದು ನಮ್ಮ ಹಿರಿಯರು, ನಮ್ಮದೇ ನೆಟ್ಟಗಿನ ಬದಿ ಎಂದು ಮಕ್ಕಳಿಗೆ ಹೇಳಿಕೊಟ್ಟರು. ಚಿತ್ರದಲ್ಲಿ ಎಲ್ಲರೂ ಎಡಗೈಯಲ್ಲಿ ಉಣ್ಣುವುದೇಕೆ ಎಂದು ಮಕ್ಕಳು ಕೇಳಿದರೆ, ಹಿಂದಿನ ಶೂರರು ಹಾಗೆಯೇ ಉಣ್ಣುತ್ತಿದ್ದರು ಎಂದರು. ಊರಿನ ಮಕ್ಕಳೆಲ್ಲ ಎಡಗೈಯಲ್ಲಿ ಉಣ್ಣಲು ಶುರು ಮಾಡಿದವು, ನನ್ನ ಮಗನೂ. ನಾನು ಸಭೆಯಲ್ಲಿ ಎದ್ದು ನಿಂತು ಇದು ಸುಳ್ಳು ಎಂದೆ. ಕಮಿಟಿಯ ಚನ್ನಮಲ್ಲಪ್ಪ ಕಾಕಾ, “ಸುಮ್ನಿರ ನಿಂಬೆವ್ವ, ಹುಡುಗರ ಮುಂದ ಊರ ಮರ್ಯಾದಿ ತೆಗೀಬ್ಯಾಡ” ಎಂದು ಗದರಿಸಿದರು. ಮಗನನ್ನು ಮನೆಯಲ್ಲೇ ಕೂರಿಸಿಕೊಂಡು ಹೇಳಿದೆ. ಅವನು ನಕ್ಕು, “ಯವ್ವಾ, ನೀ ಆಚಿ ದಂಡಿಯಾಕಿ. ನಿನಗ ಅವರದ ನೆಟ್ಟಗ ಕಾಣತೈತಿ” ಎಂದ. ಆ ಮಾತು ಇವತ್ತಿಗೂ ಎದೆಯಲ್ಲಿ ಕುಟುಕುತ್ತದೆ.

ಅಜ್ಜಿ ನೀರು ಕುಡಿಸುವಾಗ ನಾವೆಲ್ಲ ಅಳುತ್ತಿದ್ದೆವು, ಹುಡುಗರು ಅಳುತ್ತಲೇ ಮೋರಿಯನ್ನು ನೋಡಿಟ್ಟುಕೊಂಡಿದ್ದರು. ಹೋದ ವರ್ಷ ಗಾಳಿಯೂ ಒಣಗಿ ಬಲೆಗಳು ಬರಿದಾದವು. ಕಾವಲುಗಾರರು ಒಳಗೆ ಅಡಗುವ ಸುಡುಹೊತ್ತಿನಲ್ಲಿ ಗುರುಪಾದ ಮತ್ತು ಅವನ ಗೆಳೆಯರು ಮೈತುಂಬ ದಪ್ಪ ಗೋಣಿ ಸುತ್ತಿಕೊಂಡು, ಕತ್ತಿ ಹಿಡಿದು ಹೊಳೆ ದಾಟಿದರು. ಕರುಣೆ ಬಂದ ದಾರಿಯಲ್ಲೇ ಕೊಲ್ಲಲು ಹೊರಟಿದ್ದರು, ನನ್ನ ಮಗನೆಂದು ಮುಚ್ಚಿಡುವುದಿಲ್ಲ. ಪರದೆಯ ಮೇಲೆ ಕಂಡಂತೆ ಬಲಗಡೆಯ ಮೋರಿಯೊಳಗೆ ಹೊಕ್ಕರು. ಸದ್ದು ಕೇಳಿದ ಕಾವಲುಗಾರ ಚಕ್ರ ತಿರುಗಿಸಿದ. ಗುಟುಕು ನೀರಿಗೆ ಬಾಯಿ ಬಿಡುವ ಊರಿನ ಮಕ್ಕಳು ನೀರಿನಲ್ಲಿ ಮುಳುಗಿ ಸತ್ತರು. ಹೆಣ ತರಲು ಹೋದಾಗ ಹೊಳೆಯ ಉಸುಕು ಒದ್ದೆಯಾಗಿತ್ತು. ನಮ್ಮ ಹೆಂಗಸರು ಅಳುತ್ತಲೇ ಆ ಉಸುಕನ್ನು ಸೆರಗಿನಲ್ಲಿ ಹಿಂಡಿಕೊಂಡರು. ನಾನೂ ಹಿಂಡಿಕೊಂಡೆ.

ಮತ್ತೆ ರಾಜಿ, ಮತ್ತೆ ಇಬ್ಬದಿ. ಗುರುಪಾದನ ಪಾತ್ರ ಮಾಡಲು ಆಚೆ ದಂಡೆಯ ವಿರೂಪಾಕ್ಷಿ ಎಂಬ ಹುಡುಗ ಬಂದ. ಮಗನ ಅಂಗಿ ಅವನಿಗೆ ಹೇಳಿ ಹೊಲಿಸಿದಂತೆ ಕೂತಿತು. ಗುಂಡಿ ನಾನೇ ಹಾಕಿದೆ. ಪಾತ್ರ ಸರಿಯಾಗಿ ಮಾಡಬೇಕೆಂಬ ಆಸೆಯಿಂದ ಅವನು, “ಯವ್ವಾ, ಅಂವ ಯಾವ ಕೈಲೆ ಉಣ್ತಿದ್ದ?” ಎಂದು ಕೇಳಿದ. “ಎಡಗೈಲೆ ಉಣ್ತಿದ್ದಪಾ” ಎಂದೆ. ಅವನು ಹಾಗೆಯೇ ಉಂಡಿದ್ದಾನೆ. ಚಿತ್ರ ತಯಾರಾಗಿದೆ, ಇವತ್ತು ಮೊದಲ ಪ್ರದರ್ಶನ. ಪ್ರೊಜೆಕ್ಟರು ಆಚೆ ದಂಡೆಯಲ್ಲೇ ಇದೆ.

ಆದ್ದರಿಂದ ನಮ್ಮ ದಂಡೆಯ ಮಕ್ಕಳ ಕಣ್ಣಿಗೆ ಇವತ್ತು ನನ್ನ ಮಗ ಬಲಗೈಯಲ್ಲಿ ಉಣ್ಣುತ್ತಾನೆ, ಎಡಗಡೆಯ ಮೋರಿಯಲ್ಲಿ ಸಾಯುತ್ತಾನೆ. ಎಡಗಡೆ ಹೋದವರು ಸತ್ತರು ಎಂದು ಅವು ಕಲಿಯುತ್ತವೆ. ಮುಂದಿನ ಸಲ ಬಲಗಡೆಗೆ ಹೋಗುತ್ತವೆ. ಕಮಿಟಿಗೆ ಹೇಳಿದೆ, ಮನೆಮನೆಗೆ ಹೋಗಿ ಹೇಳಿದೆ. ಮಗ ಸತ್ತು ತಲೆ ಕೆಟ್ಟಿದೆ ಎಂದರು. ಅವರು ನಂಬಿದರೂ ಏನು ಸುಖ? ಸರಿಯಾದ ಮೋರಿ ಹೊಕ್ಕು ನನ್ನ ತವರಿನವರನ್ನು ಕಡಿದು ಬರುತ್ತಾರೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಚಿತ್ರ ತೆಗೆಯಿರಿ, ಎರಡೂ ಕಡೆಯ ಹೆಣಗಳನ್ನು ತೋರಿಸಿ, ನೀರು ಕುಡಿಸಿದವಳನ್ನೂ ತೋರಿಸಿ. ಅವಳು ಬಂದ ದಾರಿಯನ್ನು ಮಾತ್ರ ತೋರಿಸಬೇಡಿ. ದಾರಿ ತೋರಿಸದಿದ್ದರೆ ಅವಳು ಬಂದದ್ದನ್ನು ಯಾರು ನಂಬುತ್ತಾರೆ ಎಂದು ನೀವು ಕೇಳಬಹುದು. ನಂಬದಿದ್ದರೂ ಸರಿ, ತೋರಿಸಬೇಡಿ. ನೀವು ನನ್ನ ಮಾತು ಕೇಳಿದ್ದರೆ ಈ ಪತ್ರ ಬರೆಯುವ ಗತಿ ನನಗೆ ಬರುತ್ತಿರಲಿಲ್ಲ, ಬರೆಯುತ್ತಿದ್ದೇನೆ ಎಂದರೆ ನೀವು ಕೇಳಲಿಲ್ಲ.

ಹೊಳೆಯಿಂದ ಕೂಗುತ್ತಿದ್ದಾರೆ, ಹೊತ್ತಾಯಿತು. ಪರದೆ ಕಟ್ಟಲು ಹೋಗುತ್ತೇನೆ. ನಾನು ಹೋಗದಿದ್ದರೆ ಬೇರೆ ಯಾರೋ ಸಡಿಲವಾಗಿ ಕಟ್ಟುತ್ತಾರೆ, ಮಗನ ಮುಖದ ಮೇಲೆ ಸುಕ್ಕು ಬೀಳುತ್ತದೆ.

ಇಂತಿ,
ಎರಡೂ ದಂಡೆಯ ನಿಂಬೆವ್ವ