ಬಂಡೆಯಿಂದ ಕೇಳಿದ ಸದ್ದು

ಸೋಮವಾರ, ತಾರೀಕು ೧೪

ಪ್ರೀತಿಯ ಕೂಸೇ,

ಕ್ಷೇಮವೆಂದು ನೀನು ಬರೆಯಲಿಲ್ಲ, ನಾನೂ ಕೇಳುವುದಿಲ್ಲ. ಗಂಡ ಹೋಗಿ ಹನ್ನೊಂದು ತಿಂಗಳಾದವಳು ಹೇಗಿರುತ್ತಾಳೆಂದು ನನಗೆ ಗೊತ್ತು. ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು, ಆದರೂ ಓದಿದೆ. ಎಡ ಬಲ ತಿಳಿಯದ ಅಣ್ಣ ಚುಕ್ಕಾಣಿ ಹಿಡಿದು ನಿನ್ನ ಗಂಡನನ್ನು ಕೊಂದ, ಅವನು ಈ ಮನೆಯಲ್ಲಿರುವವರೆಗೆ ನೀನು ಹೊಸಿಲು ತುಳಿಯುವುದಿಲ್ಲ ಎಂದು ಬರೆದಿದ್ದೀಯ. ಅದನ್ನು ಅವನೂ ಓದಿದ. ಮಡಿಸಿಟ್ಟು, ಹರಿದ ಬಲೆ ಸರಿಮಾಡಲು ಕೂತ. ದೋಣಿ ಹತ್ತುವುದನ್ನು ಆಗಲೇ ಬಿಟ್ಟಿದ್ದಾನೆ. ಬರುವ ಭಾನುವಾರ ಊರನ್ನೂ ಬಿಡುತ್ತಾನಂತೆ, ನೀನು ಬರಲೆಂದು.

ಹೆತ್ತವರಿಗೆ ಹೆಗ್ಗಣ ಮುದ್ದು, ಮುದುಕಿ ಮಗನ ಪರ ವಕಾಲತ್ತು ಶುರು ಮಾಡಿದಳು ಎಂದು ಮೂಗು ಮುರಿಯಬೇಡ. ಪೂರ್ತಿ ಓದು.

ಅಂದು ಬೆಳಿಗ್ಗೆ ಏಳಕ್ಕೆ ಮಂಜು ಕವಿಯಿತು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಮಂಜು ಬಿದ್ದಾಗ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ನೇತುಹಾಕಿದ ರೈಲು ಹಳಿಯ ತುಂಡನ್ನು ಬಡಿಯುವುದು ಮೂವತ್ತು ವರ್ಷದಿಂದ ನನ್ನ ಕೆಲಸವೆಂದು ನಿನಗೆ ಗೊತ್ತು. ದೋಣಿಯವರು ಕಿವಿಯನ್ನೇ ನಂಬಿ ಸದ್ದಿನ ಕಡೆಗೆ ಬರುತ್ತಾರೆ. ಬಡಿಯುವವರು ಜಾಗ ಬಿಟ್ಟು ಕದಲಬಾರದು, ಅಷ್ಟೇ ಕಟ್ಟಳೆ.

ಏಳೂವರೆಗೆ ಗಾಳಿ ತಿರುಗಿತು. ದಡದಿಂದ ಬೀಸುತ್ತಿದ್ದದ್ದು ಒಮ್ಮೆಗೇ ಕಡಲಿನಿಂದ ಮುಖಕ್ಕೆ ರಾಚಿತು. ನನ್ನ ಸದ್ದೆಲ್ಲ ಊರೊಳಕ್ಕೆ ಹೋಗುತ್ತಿದೆ, ಐಸ್ ಫ್ಯಾಕ್ಟರಿಯವರಿಗೆ ಕೇಳುತ್ತದೆ, ದೋಣಿಯಲ್ಲಿರುವ ನನ್ನ ಮಗನಿಗೂ ಅಳಿಯನಿಗೂ ಕೇಳುವುದಿಲ್ಲ ಎಂದು ಜೀವ ಬಾಯಿಗೆ ಬಂತು. ಹಳಿಯನ್ನು ಕೊಕ್ಕೆಯಿಂದ ಬಿಚ್ಚಿ, ಎದೆಗವಚಿಕೊಂಡು ಬಡಗಣ ಬಂಡೆಗೆ ಓಡಿದೆ. ಅದು ಕಡಲೊಳಗೆ ಚಾಚಿದೆಯಲ್ಲ, ಅಲ್ಲಿಂದಾದರೂ ಕೇಳೀತು ಎಂದುಕೊಂಡೆ. ಹಗ್ಗದಲ್ಲಿ ತೂಗಿ ಹಿಡಿದು ತೋಳು ಸೋಲುವವರೆಗೆ ಬಡಿದೆ. ನನ್ನ ಅತಿಬುದ್ಧಿಗೆ ಬೆಂಕಿ ಬೀಳ.

ಕೇಳಿತು, ಕೂಸೇ. ಅಣ್ಣ ದಿಕ್ಕು ತಪ್ಪಲಿಲ್ಲ, ಸದ್ದಿನ ನೇರಕ್ಕೇ ಬಂದ. ನಾನು ನಿಂತಲ್ಲಿಂದ ಹತ್ತು ಮಾರು ದೂರದಲ್ಲಿ ದೋಣಿ ಬಂಡೆಗೆ ಬಡಿದು ಸೀಳಿತು. ನಿನ್ನ ಗಂಡ ಒಮ್ಮೆ ಕೂಗಿದ. ಜನ ಓಡಿ ಬಂದು ಅಣ್ಣನನ್ನು ಮೇಲೆಳೆಯುತ್ತಿದ್ದಾಗ ನಾನು ಅದೇ ಮಂಜಿನಲ್ಲಿ ಧಕ್ಕೆಗೆ ಹೋಗಿ ಹಳಿಯನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದೆ. ಯಾರೂ ನೋಡಲಿಲ್ಲ. ಊರವರು ಗಾಳಿಯನ್ನು ಬೈದರು, ನೀನು ಅಣ್ಣನನ್ನು ಬೈದೆ, ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿಜ ಹೇಳಿದರೆ ನೀನು ನನ್ನ ಮುಖ ನೋಡುವುದಿಲ್ಲವೆಂಬ ಹೆದರಿಕೆ. ಅದಕ್ಕೇ ಹೆತ್ತ ಮಗನನ್ನು ನನಗೆ ಅಡ್ಡ ನಿಲ್ಲಿಸಿದೆ. ನಾಚಿಕೆಯಾಗುತ್ತದೆ.

ನೀನು ಇಲ್ಲಿಗೆ ಬರದಿದ್ದರೂ ಸರಿ. ಭಾನುವಾರದೊಳಗೆ ಅವನೊಂದಿಗೆ ಒಂದು ಮಾತಾಡು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಣ್ಣನಿಗೆ ಎಲ್ಲ ಹೇಳಿದೆ. ಅವನಿಗೆ ಅಂದೇ ಗೊತ್ತಿತ್ತಂತೆ. ಸದ್ದು ಜಾಗ ಬದಲಿಸಿದೆ ಎಂದು ಅನುಮಾನವಾಗಿ ದೋಣಿ ನಿಲ್ಲಿಸಿಯೂ ಇದ್ದನಂತೆ. ‘ಅತ್ತೆ ಜಾಗ ಬಿಟ್ಟು ಅಲ್ಲಾಡೋರಲ್ಲ, ಗಾಳಿಗೆ ತಿರುಗಿರೋದು ನಮ್ಮ ದೋಣೀನೇ, ಸದ್ದಿನ ಕಡೆಗೇ ನಡೀರಿ ಭಾವ’ ಎಂದನಂತೆ ನಿನ್ನ ಗಂಡ.